ಶನಿವಾರದ ಕೊನೆಯ ಪೀರಿಯಡ್ಡು

ಪ್ರೌಢಶಾಲೆಯಲ್ಲಿ ಇರುವುದೇ ಮೂರು ವರ್ಷ. ಎಂಟನೆಯವರಿಗೆ ಎಲ್ಲವೂ ಹೊಸದು. ಹತ್ತನೆಯವರು ಡಿಸೆಂಬರ್ ಕಳೆಯುತ್ತಲೇ ಎಸ್‌ಎಸ್‌ಎಲ್‌ಸಿ ಓದಿಗೆ ಕೂರುತ್ತಾರೆ. ಕನ್ನಡ ಸಂಘದ ಕಾರ್ಯದರ್ಶಿಯನ್ನು ಹತ್ತನೆಯ ತರಗತಿಯಿಂದ ಆರಿಸಿದರೆ ಸಂಘ ಪ್ರತಿ ಜನವರಿಯಲ್ಲಿ ಮಲಗುತ್ತದೆ, ಜೂನಿನಲ್ಲಿ ಮತ್ತೆ ಅ ಆ ಇ ಈಯಿಂದ ಶುರು. ನಮ್ಮ ಶಾಲೆಯ ಕನ್ನಡ ಸಂಘದಲ್ಲಿ ಕಾರ್ಯದರ್ಶಿ ಯಾವಾಗಲೂ ಒಂಬತ್ತನೆಯವರು, ಜೊತೆಗೆ ಎಂಟನೆಯ ತರಗತಿಯ ಒಬ್ಬ ಸಹ ಕಾರ್ಯದರ್ಶಿ. ಹತ್ತನೆಯವರು ಪಕ್ಕದಲ್ಲಿ ನಿಂತು ಹೇಳಿಕೊಡುವವರು. ಇಷ್ಟೇ ಏರ್ಪಾಟು. ಆದರೆ ಕೈಕೆಲಸ ಒಂದು ತಂಡದಿಂದ ಇನ್ನೊಂದಕ್ಕೆ ದಾಟಿದ್ದು ಇದರಿಂದಲೇ. ಈ ಸಂಚಿಕೆಗೆ ಶಾಲೆಯ ನೆನಪು ಬರೆಯಿರಿ ಎಂದು ಕೇಳಿದಾಗ ಬರೆಯಬೇಕೆನಿಸಿದ್ದು ಆ ಕೈಕೆಲಸವನ್ನೇ. ಈಗ ಸಂಘದಲ್ಲಿರುವ ಮಕ್ಕಳಿಗೆ ಅದು ಬೇಕಾಗುತ್ತದೆ.

ಎಲ್ಲಕ್ಕೂ ಮೂಲ ಗೋಡೆ ಪತ್ರಿಕೆ. ಹದಿನೈದು ದಿನಕ್ಕೊಂದು, ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ ಅಂಟಿಸುವುದು. ಎರಡು ಚಾರ್ಟ್ ಶೀಟು ಅಕ್ಕಪಕ್ಕ ಸೇರಿಸಿದರೆ ಒಂದು ಸಂಚಿಕೆ. ಅದರಲ್ಲಿ ಆರೇಳು ಬರಹ, ಒಂದು ಚಿತ್ರ, ಒಂದು ಒಗಟು. ಅದಕ್ಕಿಂತ ಹೆಚ್ಚು ತುಂಬಿದರೆ ಯಾರೂ ನಿಂತು ಓದುವುದಿಲ್ಲ. ಮೂರಡಿ ದೂರದಿಂದ ಓದಲು ಅಕ್ಷರ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರಬೇಕು. ಹೊಸಬರು ಎಡವುವುದು ಗೆರೆ ಹಾಕುವಾಗ. ಇಂಗ್ಲಿಷ್ ಕಾಪಿಯ ಅಭ್ಯಾಸದಲ್ಲಿ ಸೆಂಟಿಮೀಟರಿಗೊಂದು ಗೆರೆ ಎಳೆದುಬಿಡುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 'ರಾಷ್ಟ್ರ' ಎಂದು ಬರೆದರೆ ಷಕಾರದ ಕೆಳಗೆ ಎರಡು ಒತ್ತು ನಿಲ್ಲಬೇಕು. ಅಕ್ಷರದ ಎತ್ತರಕ್ಕಿಂತ ಎರಡರಷ್ಟು ಅಂತರ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಗೆರೆಯನ್ನು ಪೆನ್ಸಿಲ್ಲಿನಲ್ಲಿ ತೆಳ್ಳಗೆ ಎಳೆದು, ಶಾಯಿ ಪೂರ್ತಿ ಒಣಗಿದ ಮೇಲೆ ಅಳಿಸಬೇಕು. ಅವಸರ ಮಾಡಿದರೆ ಇಡೀ ಹಾಳೆ ಮಸಿ.

ಗೋಂದು ಮನೆಯಲ್ಲೇ ಆಗುತ್ತದೆ. ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಕದಡಿ, ಗಂಟು ಒಡೆದು, ಆಮೇಲೆ ಸಣ್ಣ ಉರಿಯಲ್ಲಿ ತಿರುಗಿಸುತ್ತ ಕುದಿಸಬೇಕು. ಬಿಸಿನೀರಿಗೆ ನೇರ ಹಿಟ್ಟು ಸುರಿದರೆ ಗಂಟು ಬಿಡಿಸುವ ಹಾಗೇ ಇಲ್ಲ. ಜಿರಳೆ ತಿನ್ನದಿರಲು ಪುಸ್ತಕ ಕಟ್ಟುವವರು ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ; ಮಕ್ಕಳ ಕೈಗೆ ಬೇಡ, ಮೇಷ್ಟರೇ ಹಾಕಲಿ. ಅಡುಗೆಯ ಪಾತ್ರೆಯಂತೂ ಬೇಡವೇ ಬೇಡ. ಅಂಟಿಸುವಾಗ ಹಾಳೆಯ ಬೆನ್ನಿಗೆಲ್ಲ ಬಳಿದರೆ ಒಣಗುವಷ್ಟರಲ್ಲಿ ಸುಕ್ಕು ಏಳುತ್ತದೆ. ಮೇಲಂಚಿಗೆ ಒಂದು ಗೀಟು, ಕೆಳಗಿನ ಎರಡು ಮೂಲೆಗೆ ಒಂದೊಂದು ಬೊಟ್ಟು ಸಾಕು.

ತಿದ್ದುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸುವುದು. ಬರೆದವರೇ ತಿದ್ದಿದರೆ ಮನಸ್ಸಿನಲ್ಲಿರುವುದು ಕಾಣುತ್ತದೆ, ಹಾಳೆಯಲ್ಲಿರುವುದು ಕಾಣುವುದಿಲ್ಲ. ವರ್ಷವೂ ಬರುವ ತಪ್ಪುಗಳು ಅವೇ: ಶುಭಾಶಯ ಹೋಗಿ 'ಶುಭಾಷಯ', ಅಧ್ಯಕ್ಷ ಹೋಗಿ 'ಅದ್ಯಕ್ಷ', ಉದ್ಘಾಟನೆ ಹೋಗಿ 'ಉಧ್ಘಾಟನೆ'. ಶುಭ ಮತ್ತು ಆಶಯ ಸೇರಿ ಶುಭಾಶಯ ಎಂದು ಒಮ್ಮೆ ಬಿಡಿಸಿ ತೋರಿಸಿದರೆ ಮಗು ಮತ್ತೆ ತಪ್ಪುವುದಿಲ್ಲ. ರಾಜ್ಯೋತ್ಸವದ ಬ್ಯಾನರು ಬರೆಯುವ ಮೊದಲಂತೂ ಈ ಓದು ಆಗಲೇಬೇಕು. ಕನ್ನಡದ ಹಬ್ಬದ ದಿನ ಶಾಲೆಯ ಬಾಗಿಲಲ್ಲೇ ಕಾಗುಣಿತ ತಪ್ಪಿದರೆ ಮನಸ್ಸಿಗೆ ನೋವಾಗುತ್ತದೆ.

ಶಾಲೆಯ ಗೋಡೆಯನ್ನು ಸಣ್ಣದೆಂದು ತಿಳಿಯಬೇಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ 'ಪ್ರಬುದ್ಧ ಕರ್ಣಾಟಕ' ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಬೆಳೆಯಿತು. ಅದಕ್ಕೂ ಮೊದಲ ಮನೆ ಒಂದು ಕಾಲೇಜಿನ ಸಂಘವೇ.

ಭಾಷಣ ಸ್ಪರ್ಧೆಗೆ ನಾಲ್ಕು ನಿಮಿಷ ಎಂದರೆ ಸುಮಾರು ಮುನ್ನೂರೈವತ್ತು ಪದ. ಐದುನೂರು ಬರೆದು ಬಾಯಿಪಾಠ ಮಾಡಿದವರು ಮಾತನ್ನು ಓಡಿಸಿಬಿಡುತ್ತಾರೆ. ಮೂರನೆಯ ನಿಮಿಷಕ್ಕೆ ಒಂದು ಗಂಟೆ, ನಾಲ್ಕಕ್ಕೆ ಎರಡು. ಗಂಟೆ ಬಾರಿಸುವವರು ಮಾತನಾಡುವವರಿಗೆ ಕಾಣುವಂತೆ ಕೂರಬೇಕು. ನಾಡಗೀತೆಗೆ 2022ರ ಆದೇಶದಂತೆ ಎರಡೂವರೆ ನಿಮಿಷ, ಮೈಸೂರು ಅನಂತಸ್ವಾಮಿಯವರ ಧಾಟಿ. ಹುಡುಗರ ಗಂಟಲು ಒಡೆಯುವ ವಯಸ್ಸು ಅದು. ಶ್ರುತಿ ಪೆಟ್ಟಿಗೆ ಇಲ್ಲದೆ ಯಾರೋ ಎತ್ತಿದ ಸ್ವರಕ್ಕೆ ಶುರುಮಾಡಿದರೆ ಮೇಲಿನ ಸ್ವರಕ್ಕೆ ಅರ್ಧ ಸಾಲು ಮೌನವಾಗುತ್ತದೆ. ಹಿಂದಿನ ದಿನವೇ ಶ್ರುತಿ ಗೊತ್ತುಮಾಡಿ ಗುರುತು ಹಾಕಿಡಿ.

ಧ್ವಜದ ಹೊಣೆ ಶಾಲೆಯ ಸೇವಾದಳದ ಮಕ್ಕಳದ್ದು. ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದ ಪರಂಪರೆಯೇ ಇಂದಿನ ಭಾರತ ಸೇವಾದಳ. ಖಾದಿ ಧ್ವಜ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತದೆ. ಶಾಲೆಯ ಕಂಬಕ್ಕೆ 900ಕ್ಕೆ 600 ಮಿಲಿಮೀಟರಿನದು ಸಾಕು. ಹಿಂದಿನ ಸಂಜೆ ಹಗ್ಗವನ್ನು ರಾಟೆಯ ಮೇಲೆ ಪೂರ್ತಿ ಎರಡು ಸುತ್ತು ಓಡಿಸಿ ನೋಡಬೇಕು. ಹಗ್ಗ ರಾಟೆಯ ಪಕ್ಕಕ್ಕೆ ಜಾರಿ ಕಚ್ಚಿಕೊಳ್ಳುವುದು ಆಗಲೇ ಗೊತ್ತಾಗುತ್ತದೆ. ಧ್ವಜವನ್ನು ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿ ಮಡಿಸಿ, ನೆಲಕ್ಕೆ ತಾಗಬಾರದು. ಕೇಸರಿಯ ಬದಿ ಹಗ್ಗದ ಮೇಲ್ತುದಿಗೆ ಬಂದಿದೆಯೇ ಎಂದು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಒಬ್ಬರ ಕಣ್ಣನ್ನು ನಂಬಬೇಡಿ. ಒಳಗೆ ಹೂವಿನ ಎಸಳು ಇಡಲು ಧ್ವಜ ಸಂಹಿತೆಯಲ್ಲಿ ಅವಕಾಶವಿದೆ, ಆದರೆ ಒಂದು ಹಿಡಿ ಮಾತ್ರ, ಅದೂ ಒಣಗಿದ್ದು. ಒದ್ದೆ ಚೆಂಡುಹೂ ತುಂಬಿದರೆ ಬಟ್ಟೆ ಒಂದಕ್ಕೊಂದು ಅಂಟಿ ಬಿಚ್ಚಿಕೊಳ್ಳುವುದಿಲ್ಲ. ಕೊನೆಯ ಗಂಟು ಎಳೆದರೆ ಬಿಚ್ಚುವ ಜಾರುಗಂಟೇ ಆಗಬೇಕು. ಹತ್ತಿಯ ಹಗ್ಗ ಆಗಸ್ಟಿನ ಜಡಿಮಳೆಗೆ ಉಬ್ಬಿ ಗಂಟು ಬಿಗಿಯುತ್ತದೆ. ಆದ್ದರಿಂದ ರಾತ್ರಿ ಕಟ್ಟಿಡದೆ ಬೆಳಿಗ್ಗೆ ಕಟ್ಟುವುದೇ ವಾಸಿ. ಏರಿಸುವಾಗ ಚುರುಕು, ಇಳಿಸುವಾಗ ನಿಧಾನ.

ಇನ್ನು ಗಿಡಗಳು. ಜೂನ್ 5ರಂದು ನೆಟ್ಟ ಸಸಿ ಮಳೆಗಾಲವಿಡೀ ಚೆನ್ನಾಗಿರುತ್ತದೆ. ಸಾಯುವುದು ಏಪ್ರಿಲ್, ಮೇನಲ್ಲಿ, ಬೇಸಿಗೆ ರಜೆಯಲ್ಲಿ, ನೀರು ಹಾಕುವವರಿಲ್ಲದೆ. ಆದ್ದರಿಂದ ಎಷ್ಟು ಗಿಡಕ್ಕೆ ಮೇ ತಿಂಗಳಲ್ಲಿ ನೀರು ಹೊರಬಲ್ಲಿರೋ ಅಷ್ಟೇ ನೆಡಿ. ಐವತ್ತು ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಹತ್ತು ಹೊಂಗೆ ಬದುಕಿಸುವುದು ದೊಡ್ಡ ಕೆಲಸ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಕೊಟ್ಟಿಗೆ ಗೊಬ್ಬರ ಬೆರೆಸಿ ಬೇರಿನ ಸುತ್ತ ಅದನ್ನೇ ತುಂಬಬೇಕು. ಪ್ಲಾಸ್ಟಿಕ್ ಚೀಲ ಕತ್ತರಿಸಿ ತೆಗೆಯದೆ ನೆಡುವವರು ಇಂದಿಗೂ ಇದ್ದಾರೆ. ಬೇರು ಒಳಗೇ ಸುತ್ತಿಕೊಂಡು ಗಿಡ ಕುಂಠಿತವಾಗುತ್ತದೆ. ಫೆಬ್ರವರಿಯಲ್ಲಿ ಪ್ರತಿ ಗಿಡದಿಂದ ಒಂದು ಗೇಣು ದೂರಕ್ಕೆ ಐದು ಲೀಟರಿನ ಮಣ್ಣಿನ ಮಡಕೆ ಹೂಳಿ. ತಳದಲ್ಲಿ ಸಣ್ಣ ತೂತು, ತೂತಿಗೆ ಹತ್ತಿಬಟ್ಟೆಯ ಬತ್ತಿ, ಕಂಠ ನೆಲದ ಮೇಲೆ, ಬಾಯಿಗೆ ಮುಚ್ಚಳ. ಮುಚ್ಚಳ ತಪ್ಪಿದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ವಾರಕ್ಕೆ ಎರಡು ಸಲ ತುಂಬಿಸಿದರೆ ಸಾಕು.

ತುಂಬಿಸುವ ಪಾಳಿಯ ಪಟ್ಟಿಯನ್ನು ಶಾಲೆಯ ಹತ್ತಿರವೇ ಮನೆಯಿರುವ ಎಂಟನೆಯ ತರಗತಿಯ ಮಕ್ಕಳ ಹೆಸರಿನಲ್ಲಿ ಬರೆಯಿರಿ, ಒಬ್ಬರು ಊರಿಗೆ ಹೋದರೆ ಯಾರು ಎನ್ನುವುದನ್ನೂ ಪಕ್ಕದಲ್ಲೇ ನಮೂದಿಸಿ, ಪರೀಕ್ಷೆ ಮುಗಿಯುವ ಮುನ್ನವೇ ಹಂಚಿ. ಒಂದು ಪ್ರತಿ ಪಂಪ್ ಮನೆಯ ಬಾಗಿಲಿನ ಒಳಬದಿಗೆ ಅಂಟಿಸಿ. ಮೈದಾ ಗೋಂದು ಸ್ವಲ್ಪ ಉಳಿದೇ ಇರುತ್ತದೆ.