ಒಂದೇ ಸ್ಟೇಷನ್

ಇವತ್ತು ನ್ಯಾಷನಲ್ ಕಾಲೇಜಿನಿಂದ ಜಯನಗರದ ತನಕ ಮೆಟ್ರೋದಲ್ಲಿ ಒಬ್ಬಳೇ ಹೋದೆ. ಏಳು ತಿಂಗಳ ನಂತರ.

ಏಳು ತಿಂಗಳ ಹಿಂದೆ ರೈಲಿನೊಳಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಕೈ ಬೆವರಿತು, ಉಸಿರು ಸಿಗಲಿಲ್ಲ. ಸತ್ತೇ ಹೋಗ್ತೀನಿ ಅನ್ನಿಸಿತ್ತು. ಇಸಿಜಿ ನಾರ್ಮಲ್ ಬಂತು. "ಸುಮ್ನೆ ಟೆನ್ಷನ್ ಮಾಡ್ಕೋಬೇಡ" ಅಂದರು ಮನೆಯವರು. ಅದು ಪ್ಯಾನಿಕ್ ಅಟ್ಯಾಕ್ ಅಂತ ಹೇಳಿದ್ದು ಕೌನ್ಸೆಲರ್ ಮೇಡಂ. ಹೆಸರು ಸಿಕ್ಕಿದ್ದಕ್ಕೇ ಅರ್ಧ ಭಾರ ಇಳಿಯಿತು.

ಥೆರಪಿ ಅಂದರೆ ಬುದ್ಧಿಮಾತು ಅಂದುಕೊಂಡಿದ್ದೆ. ಅಲ್ಲ. ಭಯ ಏರಿ, ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ತಾನೇ ಇಳಿಯುತ್ತದೆ ಅಂತ ಅಲ್ಲಿ ತಿಳಿಯಿತು. ನಾವು ತಪ್ಪಿಸಿಕೊಂಡಷ್ಟೂ ಅದು ಜಾಸ್ತಿಯಾಗುತ್ತದೆ. ಹಾಗಾಗಿ ಮೊದಲು ಸ್ಟೇಷನ್ ಬಾಗಿಲವರೆಗೆ ಮಾತ್ರ. ಆಮೇಲೆ ಲಾಲ್‌ಬಾಗ್‌ವರೆಗೆ, ಒಂದೇ ಸ್ಟೇಷನ್. ಅವತ್ತು ಅತ್ತಿದ್ದೆ. ಅಮ್ಮ ಕೈ ಹಿಡಿದು ಕೂತಿದ್ದಳು, ಒಂದು ಮಾತೂ ಆಡದೆ.

ಫೀಸು ಕೊಡೋದು ಎಲ್ಲರಿಗೂ ಆಗಲ್ಲ, ಗೊತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ, ದಿನದ 24 ಗಂಟೆಯೂ. ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಪ್ಲೀಸ್.

ನಾಳೆ ಬನಶಂಕರಿಯವರೆಗೆ.