ಎಷ್ಟು ತಾಸಿನ ದಾರಿ?

ನಮ್ಮ ದಾವಣಗೆರೆಯಲ್ಲಿ ದೂರ ಎಷ್ಟು ಅಂದರೆ ಕಿಲೋಮೀಟರ್ ಹೇಳುವವರು ಕಡಿಮೆ. ‘ಎಷ್ಟು ತಾಸಿನ ದಾರಿ?’ ಅಂತಲೇ ಕೇಳುತ್ತಾರೆ. ಅಕ್ಕನ ಬಾಣಂತನಕ್ಕೆ ಅವ್ವನನ್ನು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಫ್ರೀಮಾಂಟಿಗೆ ಕರೆದುಕೊಂಡು ಹೊರಟಾಗ ಓಣಿಯವರೆಲ್ಲ ಕೇಳಿದ್ದೂ ಅದನ್ನೇ.

ಹಿಂದಿನ ರಾತ್ರಿ ಅವ್ವ ಹೂ ಕಟ್ಟುವ ನೂಲು ತಂದಳು. ಮನೆಯ ಗ್ಲೋಬಿನ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಹಿಡಿದೆವು. ನೂಲು ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ಉತ್ತರ ಧ್ರುವದ ಕಡೆಗೆ ಏರಿ, ಸೈಬೀರಿಯಾದ ಉತ್ತರದ ಅಂಚಿನ ಮೇಲೆ ಹಾದುಹೋಯಿತು! ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಆಯಿತಲ್ವಾ? 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಆ ಊರಿನಿಂದ ಬೆಂಗಳೂರಿಗೆ ಧ್ರುವದ ದಾರಿಯಲ್ಲೇ ಹಾರಿ ಬಂದಿದ್ದರು ಅಂದೆ. ‘ಹೆಣ್ಮಕ್ಕಳಾ?’ ಅಂತ ಅವ್ವನಿಗೆ ಸ್ವಲ್ಪ ಧೈರ್ಯ ಬಂತು.

ಜನವರಿಯ ಒಂದು ಸೋಮವಾರ, ಬೆಳಗಿನ ನಾಲ್ಕೂವರೆಗೆ ಕಾರು ಹತ್ತಿದೆವು. ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಕತ್ತಲಲ್ಲಿ ಕೆಂಪು ದೀಪ ಮಿಣುಕಿಸುತ್ತಿದ್ದವು. ಹಿರಿಯೂರಿನಲ್ಲಿ ನನಗೆ ಇಡ್ಲಿ, ಅವ್ವನಿಗೆ ಬರೀ ಚಹಾ. ಸೋಮವಾರ ಆಕೆಗೆ ಒಪ್ಪತ್ತು. ತುಮಕೂರು ದಾಟಿ, ಡಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ತಲುಪಿದಾಗ ಹತ್ತು ಗಂಟೆ. ಇನ್ನೂರೆಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಐದೂವರೆ ತಾಸು!

ಮಧ್ಯಾಹ್ನ ಎರಡೂವರೆಗೆ ವಿಮಾನ ಎದ್ದಿತು. ಊಟ ಬಂದದ್ದೇ ಅವ್ವ ಒಪ್ಪತ್ತಿನ ಊಟ ಮುಗಿಸಿದಳು. ಎದುರಿನ ಪರದೆಯಲ್ಲಿ ನೋಡಿದರೆ ವಿಮಾನ ಧ್ರುವದ ಕಡೆ ಹೊರಳಲೇ ಇಲ್ಲ. ಬಂಗಾಳ ಕೊಲ್ಲಿ, ಚೀನಾ, ಜಪಾನ್, ಆಮೇಲೆ ಮುಗಿಯದ ಪೆಸಿಫಿಕ್.

‘ನೂಲು ಸುಳ್ಳು ಹೇಳ್ತಲ್ಲೋ,’ ಅಂದಳು ಅವ್ವ.

ನೂಲಿನದೇನೂ ತಪ್ಪಿಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತ. ಅದು ಬೆನ್ನಿಗೆ ಸಿಕ್ಕರೆ ಸುತ್ತಿನ ದಾರಿಯಲ್ಲೂ ತಾಸು ಉಳಿಯುತ್ತದೆ. ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇಗ ಕತ್ತಲಾಯಿತು, ಬೇಗ ಬೆಳಗೂ ಆಯಿತು. ನಿದ್ದೆ ಮಾತ್ರ ಬರಲಿಲ್ಲ. ಅವ್ವನ ಕಾಲು ಊದಿಕೊಂಡಿದ್ದವು. ಎರಡು ಸಲ ಎಬ್ಬಿಸಿ ಓಡಾಡಿಸಿದೆ. ಹದಿನಾರು ತಾಸಿಗೆ ಇಳಿದೆವು. ಫ್ರೀಮಾಂಟಿನ ಮನೆ ಮುಟ್ಟಿದಾಗ ದಾವಣಗೆರೆ ಬಿಟ್ಟು ಇಪ್ಪತ್ತೆಂಟು ತಾಸು. ಹಾರಿದ್ದು ಹದಿನಾರು, ನೆಲದ ಮೇಲೆ ಕಳೆದದ್ದು ಹನ್ನೆರಡು.

ಅಕ್ಕ ಬಿಸಿ ರೊಟ್ಟಿ ಇಟ್ಟಳು. ಗೋಡೆ ಗಡಿಯಾರದಲ್ಲಿ ಸಂಜೆ ಏಳು.

‘ಇವತ್ತು ಯಾವ ವಾರ?’ ಅವ್ವ ಕೇಳಿದಳು.

‘ಸೋಮವಾರ. ಇಲ್ಲಿ ನಮಗಿಂತ ಹದಿಮೂರೂವರೆ ತಾಸು ಹಿಂದೆ.’

ಅವ್ವ ತಟ್ಟೆ ದೂರ ಸರಿಸಿದಳು. ಆಮೇಲೆ ನನ್ನ ಕೈಗಡಿಯಾರದ ಕಡೆ ಬಗ್ಗಿದಳು. ಅದರ ಟೈಮ್ ನಾನಿನ್ನೂ ಬದಲಿಸಿರಲಿಲ್ಲ.

‘ಇದ್ರಾಗೆ ಮಂಗಳವಾರ ಎಂಟೂವರೆ ಆಗೈತಲ್ಲ,’ ಅಂದು ರೊಟ್ಟಿ ಮುರಿದಳು.