‘ನಾವು ನೋಡ್ಕೋತೀವ್ರಿ’ ಅಂದರೆ ಸಾಲದು, ಹಾಳೆ ಮೇಲೆ ಬರಬೇಕು

ಕಲಬುರಗಿ, ಬೀದರ್, ಯಾದಗಿರಿ ಕಡೆ ಆಟಿಸಂ ಇರುವ ಮಕ್ಕಳ ತಂದೆತಾಯಿಗೆ ನಿಜವಾದ ತ್ರಾಸು ಶುರುವಾಗುವುದು ಎಂಟನೇ ಕ್ಲಾಸಿಗೆ. ಏಳನೇವರೆಗೆ ಓಣಿಯ ಶಾಲೆ, ಮಗುವನ್ನು ಒಂದನೇ ಕ್ಲಾಸಿನಿಂದ ಬಲ್ಲ ಒಬ್ಬಿಬ್ಬರು ಟೀಚರ್‌ಗಳು, ಹೆಂಗೋ ನಡೆದಿರುತ್ತದೆ. ಹೈಸ್ಕೂಲಿಗೆ ಬಂದ ಕೂಡಲೇ ವಿಷಯಕ್ಕೊಬ್ಬ ಮಾಸ್ತರು, ಮುಕ್ಕಾಲು ಗಂಟೆಗೊಂದು ಬೆಲ್ಲು, ತುಂಬಿದ ಕೋಣೆ, ಹೊಸ ಯೂನಿಫಾರ್ಮು, ಅದರ ಮೇಲೆ ವಯಸ್ಸಿನ ಬದಲಾವಣೆ. ಹಳೇ ಶಾಲೆಯಲ್ಲಿ ಬಾಯಿಮಾತಿನ ಮೇಲೆ ನಡೆದದ್ದು ಇಲ್ಲಿ ನಡೆಯುವುದಿಲ್ಲ. ಅದೇ ಮಾತನ್ನು ಆರೇಳು ಮಂದಿಗೆ ಬೇರೆ ಬೇರೆಯಾಗಿ ಹೇಳಬೇಕು. ಅದರಲ್ಲಿ ಅತಿಥಿ ಶಿಕ್ಷಕರಿದ್ದರೆ ಮುಂದಿನ ವರ್ಷ ಅವರು ಇದೇ ಶಾಲೆಯಲ್ಲಿ ಇರುತ್ತಾರೆಂಬ ಖಾತ್ರಿಯೂ ಇಲ್ಲ.

ಹಾಗಾಗಿ ಮಗುವಿಗೆ ಶಾಲೆ ಏನೇನು ಮಾಡುತ್ತದೆ ಎಂಬ ಯೋಜನೆಯನ್ನು ಜೂನ್ ತಿಂಗಳಲ್ಲೇ ಬರಹದಲ್ಲಿ ಕೇಳಿ. ವಿಶೇಷ ಶಿಕ್ಷಕರು ಇದನ್ನು ಐಇಪಿ, ಅಂದರೆ ವ್ಯಕ್ತಿಗತ ಶಿಕ್ಷಣ ಯೋಜನೆ, ಅನ್ನುತ್ತಾರೆ. ಯೂಟ್ಯೂಬಿನಲ್ಲಿ ಐಇಪಿ ಎಂದು ಹುಡುಕಿದರೆ ಸಿಗುವುದು ಬಹುತೇಕ ಅಮೆರಿಕದ ವಿಡಿಯೋ. ಅಲ್ಲಿ ಐಡಿಇಎ ಎಂಬ ಕಾನೂನು ಆ ದಾಖಲೆಗೇ ಬಲ ಕೊಟ್ಟಿದೆ. ಸಭೆಗೆ ಯಾರು ಬರಬೇಕು, ವರ್ಷಕ್ಕೊಮ್ಮೆ ಹೇಗೆ ಮರುಪರಿಶೀಲನೆ ಎಂಬುದೆಲ್ಲ ಕಾನೂನಿನಲ್ಲೇ ಇದೆ. ಅದನ್ನು ನೋಡಿಕೊಂಡು ಹೋಗಿ ಇಲ್ಲಿಯ ಹೆಡ್‌ಮಾಸ್ತರ ಮುಂದೆ ವಾದಿಸಿದರೆ ‘ಅಂಥಾ ನಿಯಮ ನಮ್ಮಲ್ಲಿ ಇಲ್ಲರಿ’ ಅನ್ನುತ್ತಾರೆ, ಅವರು ಹೇಳುವುದು ಸುಳ್ಳೂ ಅಲ್ಲ. ನಮ್ಮ ಕೈಲಿರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದರ 16ನೇ ಕಲಮಿನಲ್ಲಿ ತಾರತಮ್ಯವಿಲ್ಲದ ದಾಖಲಾತಿ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ವ್ಯಕ್ತಿಗತ ಬೆಂಬಲ, ಪ್ರಗತಿಯ ಮೇಲೆ ನಿಗಾ ಇವೆಲ್ಲ ಇವೆ. ಸರ್ಕಾರದ ಅನುದಾನ ಪಡೆದ ಶಾಲೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಯೂ ಇದರೊಳಗೆ ಬರುತ್ತದೆ. 17ನೇ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆ. ಐಇಪಿ ಎಂಬ ಹೆಸರಿಗೆ ಜಗಳ ಬೇಡ. ‘16ನೇ ಕಲಮಿನ ಪ್ರಕಾರ ವ್ಯಕ್ತಿಗತ ಬೆಂಬಲದ ಯೋಜನೆ ಬರಹದಲ್ಲಿ ಕೊಡಿ’ ಅಂದರೆ ಸಾಕು.

ಮೊದಲು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಕೆಲಸ ಮುಗಿಸಿಕೊಳ್ಳಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ, ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ. ಆಟಿಸಂ ಅಳೆಯುವುದು ಐಎಸ್‌ಎಎ ಎಂಬ ಮಾಪನದಿಂದ: 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಇಲ್ಲಿ ಎಡವಟ್ಟಾಗುವುದು ಹೀಗೆ: ಡಾಕ್ಟರ ಮುಂದೆ ಹುಡುಗ ಹದಿನೈದು ನಿಮಿಷ ಸುಮ್ಮನೆ ಕೂಡುತ್ತಾನೆ, ತಂದೆತಾಯಿ ನಾಚಿಕೆಗೆ ‘ಎಲ್ಲಾ ತಾನೇ ಮಾಡ್ಕೋತಾನ್ರಿ’ ಅನ್ನುತ್ತಾರೆ, ಅಂಕ ಇಳಿಯುತ್ತದೆ. ಮಗನನ್ನು ಹೊಗಳುವ ಜಾಗ ಅದಲ್ಲ. ಮನೆಯಲ್ಲಿ, ಶಾಲೆಯಲ್ಲಿ ಕಷ್ಟ ಆಗುವ ಹೊತ್ತಿನ ಎರಡು ಮೂರು ಸಣ್ಣ ವಿಡಿಯೋ, ಕ್ಲಾಸ್ ಟೀಚರ್ ಬರೆದ ಅರ್ಧ ಪುಟ ಜತೆಗಿರಲಿ. ಆಧಾರ್, ಶಾಲೆಯ ದಾಖಲೆ, ಅಂಗವೈಕಲ್ಯದ ಪ್ರಮಾಣಪತ್ರ ಮೂರರಲ್ಲೂ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಒಂದೇ ಇರಬೇಕು. ಒಂದು ಅಕ್ಷರ ಬೇರೆ ಇದ್ದರೂ ಪರೀಕ್ಷೆಯ ಅರ್ಜಿ ವಾಪಸ್ ಬರಬಹುದು. ಪ್ರಮಾಣಪತ್ರಕ್ಕೆ ಅವಧಿ ಹಾಕಿದ್ದರೆ ಅದು ಹತ್ತನೇ ಪರೀಕ್ಷೆ ದಾಟುತ್ತದೆಯೇ ನೋಡಿ.

ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇಕಡಾ 40 ಇಲ್ಲದಿದ್ದರೆ ಏನೂ ಸಿಗದು ಎಂಬ ಮಾತು ಶಾಲೆಗಳಲ್ಲಿ ಓಡಾಡುತ್ತದೆ. ಮೀಸಲಾತಿ, ಕೆಲವು ಯೋಜನೆಗಳಿಗೆ ಅದು ಖರೆ. ಹೊಂದಾಣಿಕೆಗೆ ಅಲ್ಲ. 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ, ಶೇಕಡಾ 40ರ ಮಿತಿಗೆ ಬಾರದ ಅಭ್ಯರ್ಥಿಗೂ ಪರೀಕ್ಷೆಯಲ್ಲಿ ಬರಹಗಾರರ ನೆರವು ಕೊಡಿಸಿತು.

ಶಾಲೆಗೆ ಕೊಡುವ ಅರ್ಜಿ ಒಂದೇ ಪುಟ ಇರಲಿ, ಕನ್ನಡದಲ್ಲೇ ಇರಲಿ. ಮಗುವಿನ ಹೆಸರು, ತರಗತಿ, ಯುಡಿಐಡಿ ಸಂಖ್ಯೆ, ಮುಖ್ಯವಾದ ಮೂರು ತೊಂದರೆ, ಸಭೆಗೆ ಒಂದು ದಿನಾಂಕ. ಕೊಟ್ಟ ಮೇಲೆ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಏಳಬೇಡಿ. ವಾಟ್ಸಾಪಿನಲ್ಲಿ ಕಳಿಸಿದ್ದು ಅರ್ಜಿ ಅಲ್ಲ. ಒಂದು ಪ್ರತಿ ಬಿಇಒ ಕಚೇರಿಗೆ, ಒಂದು ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರ). ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿ, ಇರುತ್ತಾರೆ. ಇಡೀ ತಾಲೂಕು ಅವರ ಹೆಗಲ ಮೇಲೆ ಇರುವುದರಿಂದ, ಮೊದಲು ಅವರ ದಿನ ಕೇಳಿಕೊಂಡು ಆಮೇಲೆ ಸಭೆಯ ದಿನ ಗೊತ್ತು ಮಾಡುವುದು ಜಾಣತನ. ಸಭೆಗೆ ಹೆಡ್‌ಮಾಸ್ತರು, ಕ್ಲಾಸ್ ಟೀಚರ್, ಗಣಿತದವರು ಮತ್ತು ಪಿಟಿ ಮಾಸ್ತರು ಬೇಕು. ಪಿಟಿ ಮಾಸ್ತರು ಯಾಕೆ ಅಂದರೆ ಪ್ರಾರ್ಥನೆ, ಮೈದಾನ, ಸಾಲು, ಶಿಸ್ತು ಎಲ್ಲ ಅವರ ಕೈಯಲ್ಲಿರುತ್ತದೆ, ಹೆಚ್ಚಿನ ಗದ್ದಲ ಆಗುವುದೂ ಅಲ್ಲೇ. ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯನ್ನೂ ಹತ್ತು ನಿಮಿಷ ಕೂಡಿಸಿ. ಮಾತು ಬಾರದಿದ್ದರೆ ಚಿತ್ರ ತೋರಿಸಿಯೋ, ಬರೆದ ಆಯ್ಕೆ ಮುಂದಿಟ್ಟೋ ಕೇಳಬಹುದು: ಎಲ್ಲಿ ಕೂಡಬೇಕು, ಯಾವ ಪಿರಿಯಡ್ ಕಷ್ಟ, ಯಾರ ಹತ್ತಿರ ಹೋಗಬೇಕು ಅನಿಸುತ್ತದೆ.

ಹಾಳೆಯಲ್ಲಿ ಏನು ಬರೆಸಬೇಕು ಎಂಬುದರಲ್ಲೇ ಎಲ್ಲ ಇದೆ. ‘ಬರವಣಿಗೆ ಸುಧಾರಿಸುವುದು’, ‘ಪ್ರೀತಿಯಿಂದ ನೋಡಿಕೊಳ್ಳುವುದು’ ಇಂಥ ಸಾಲು ಬಂದರೆ ಆ ಯೋಜನೆ ಇದ್ದೂ ಇಲ್ಲದಂತೆ. ಒಂದೊಂದು ಸಾಲಿಗೂ ಈಗ ಏನು ಮಾಡುತ್ತಾನೆ, ಮೂರು ತಿಂಗಳಿಗೆ ಏನು ಮಾಡಬೇಕು, ಯಾರು ಮಾಡಿಸುತ್ತಾರೆ, ಹೇಗೆ ಅಳೆಯುತ್ತೇವೆ ಎಂಬ ನಾಲ್ಕು ಇರಬೇಕು. ಸಮಾಜ ವಿಜ್ಞಾನದ ಉದಾಹರಣೆ ತಗೊಳ್ಳಿ. ಹುಡುಗ ಬಾಯಲ್ಲಿ ಪೂರ್ತಿ ಉತ್ತರ ಹೇಳುತ್ತಾನೆ, ಬರೆಯಲು ಕೊಟ್ಟರೆ ಎರಡು ಸಾಲಿಗೆ ಪೆನ್ನು ಇಡುತ್ತಾನೆ. ಆಗ ಹೀಗೆ ಬರೆಸಿ: ‘ಈಗ 2 ಸಾಲು ಬರೆಯುತ್ತಾನೆ. ಸೆಪ್ಟೆಂಬರ್ ಕೊನೆಗೆ, ಸುಳಿವಿನ 4 ಪದ ಹಲಗೆಯ ಮೇಲೆ ಕೊಟ್ಟರೆ 5 ಸಾಲು ಬರೆಯಬೇಕು. ಕಿರು ಪರೀಕ್ಷೆಯಲ್ಲಿ 3 ಪ್ರಶ್ನೆ ಬರಹ, ಉಳಿದದ್ದು ಮೌಖಿಕ. ಮಾಡಿಸುವವರು ಸಮಾಜ ವಿಜ್ಞಾನದ ಶಿಕ್ಷಕರು. ಪ್ರತಿ ತಿಂಗಳ ಕೊನೆಯ ಶನಿವಾರ ನೋಟ್‌ಬುಕ್ ಪರಿಶೀಲನೆ.’ ಇಷ್ಟು ಬರೆದರೆ ಹೊಸದಾಗಿ ಬಂದ ಮಾಸ್ತರಿಗೂ ಮರುದಿನವೇ ಏನು ಮಾಡಬೇಕು ಎಂದು ತಿಳಿಯುತ್ತದೆ.

ಕಿವಿ, ಮೈ, ಹೊಟ್ಟೆಯ ಬಗ್ಗೆಯೂ ಅಷ್ಟೇ ಖಚಿತವಾಗಿ ಬರೆಸಿ. ಪ್ರಾರ್ಥನೆಯ ಲೌಡ್‌ಸ್ಪೀಕರ್ ತಡೆಯಲಾಗದ ಮಗು ಸಾಲಿನ ಕೊನೆಗೆ ನಿಲ್ಲಬಹುದು, ಇಲ್ಲವೇ ಆ ಹತ್ತು ನಿಮಿಷ ಗ್ರಂಥಾಲಯದಲ್ಲಿ ಕೂಡಬಹುದು. ಹೊಸ ಯೂನಿಫಾರ್ಮಿನ ಕಾಲರ್ ಚುಚ್ಚುತ್ತಿದ್ದರೆ, ನಾಲ್ಕು ಸಲ ಒಗೆದ ಬಟ್ಟೆ ಅಥವಾ ಅದೇ ಬಣ್ಣದ ಹತ್ತಿ ಅಂಗಿಗೆ ಒಪ್ಪಿಗೆ. ಬಿಸಿಯೂಟದಲ್ಲಿ ಅನ್ನಕ್ಕೆ ಸಾರು ತಾಕಿದರೆ ಮುಟ್ಟದ ಮಕ್ಕಳಿದ್ದಾರೆ. ಎರಡು ತಟ್ಟೆ ಅಥವಾ ಮನೆಯಿಂದ ರೊಟ್ಟಿ ಎಂದು ಬರೆಸಿದರೆ ಮುಗಿಯಿತು. ಕಷ್ಟ ಆದಾಗ ಹೊರಗೆ ಹೋಗಲು ಒಂದು ಕಾರ್ಡ್ ಕೊಡುವ ಪದ್ಧತಿ ಚಲೋ: ಕಾರ್ಡ್ ತೋರಿಸಿದರೆ 5 ನಿಮಿಷ, ಗೊತ್ತಾದ ಒಂದೇ ಜಾಗ, ಅಲ್ಲಿ ಗೊತ್ತಾದ ಒಬ್ಬರೇ ವ್ಯಕ್ತಿ. ಇದು ಕೆಡುವುದು ಎರಡು ದಾರಿಯಲ್ಲಿ. ‘ಬಾಳ ಸಲ ತೋರಸ್ತಾನ’ ಎಂದು ಕಾರ್ಡ್ ಕಸಿದುಕೊಳ್ಳುತ್ತಾರೆ, ಇಲ್ಲವೇ ‘ಗಲಾಟೆ ಮಾಡಿದರ ಕಾರ್ಡ್ ಇಲ್ಲ’ ಎಂದು ಶಿಕ್ಷೆಗೆ ಬಳಸುತ್ತಾರೆ. ‘ಶಿಕ್ಷೆಯಾಗಿ ಕಾರ್ಡ್ ಹಿಂಪಡೆಯತಕ್ಕದ್ದಲ್ಲ’ ಎಂಬ ಸಾಲು ಮೊದಲೇ ಸೇರಿಸಿ. ಬಹಳ ಸಲ ತೋರಿಸುತ್ತಿದ್ದರೆ ಆ ಪಿರಿಯಡ್‌ನಲ್ಲಿ ಏನೋ ಸರಿ ಇಲ್ಲ ಅಂತ ಅರ್ಥ.

ಶಾಲೆಯವರು ‘ಹಠ’ ಅನ್ನುವುದನ್ನು ಎರಡು ವಾರ ಬರೆದಿಡಲು ಕೇಳಿಕೊಳ್ಳಿ: ಎಷ್ಟು ಗಂಟೆ, ಎಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ಆಮೇಲೆ ಯಾರು ಏನು ಮಾಡಿದರು. ನಾಲ್ಕೇ ಕಾಲಮ್ಮು. ಕರೆಂಟು ಹೋಗಿ ಫ್ಯಾನು ನಿಂತ ಮಧ್ಯಾಹ್ನಗಳು, ಹೇಳದೆ ಬದಲಾದ ವೇಳಾಪಟ್ಟಿ, ಮಾಸ್ತರು ಬಾರದೆ ಖಾಲಿ ಬಿದ್ದ ಪಿರಿಯಡ್ಡು ಇವೇ ಮತ್ತೆ ಮತ್ತೆ ಸಿಗುತ್ತವೆ. ಇನ್ನು ‘ಸುಮ್ಮ ಕುಂತಿರ್ತಾಳ್ರಿ, ಏನೂ ತ್ರಾಸಿಲ್ಲ’ ಅನ್ನಿಸಿಕೊಳ್ಳುವ ಹುಡುಗಿಯರ ಬಗ್ಗೆ ಹೆಚ್ಚು ಎಚ್ಚರ ಬೇಕು. ದಿನವಿಡೀ ಬಿಗಿಹಿಡಿದು ಮನೆಗೆ ಬಂದು ಕುಸಿಯುವವರು ಅವರು. ಮುಟ್ಟಿನ ದಿನ ಯಾರಿಗೆ ಹೇಳಬೇಕು, ಪ್ಯಾಡ್ ಎಲ್ಲಿದೆ, ಯಾವ ಶೌಚಾಲಯ ಎಂಬುದೂ ಟೀಚರ ಹೆಸರಿನ ಸಮೇತ ಯೋಜನೆಯಲ್ಲಿ ಇರಲಿ. ಇದನ್ನು ಬರೆಯಲು ಸಂಕೋಚ ಪಡುವುದರಲ್ಲಿ ಅರ್ಥವಿಲ್ಲ.

ಭಾಷೆಯ ಹೊರೆ ನಮ್ಮ ಕಡೆ ಜಾಸ್ತಿ. ಮನೆಯಲ್ಲಿ ಉರ್ದುವೋ ಲಂಬಾಣಿಯೋ, ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ. ಭಾಷಾ ವಿನಾಯಿತಿ ಇಂಥ ಮಕ್ಕಳಿಗೆ ದೊಡ್ಡ ಉಸಿರು. ಆದರೆ ಅದನ್ನು ಕೊಡುವುದು ಪರೀಕ್ಷಾ ಮಂಡಳಿ, ಹೆಡ್‌ಮಾಸ್ತರು ಪ್ರಮಾಣಪತ್ರದೊಂದಿಗೆ ಅರ್ಜಿ ಕಳಿಸಬೇಕು ಅಷ್ಟೇ. ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ಓಡಾಡಿದರೆ ತಡವಾಗುತ್ತದೆ. ಒಂಬತ್ತನೇ ಕ್ಲಾಸಿನಲ್ಲೇ ಯಾವುದು ಬೇಕು, ಯಾವುದು ಬಿಡಬೇಕು ಎಂದು ತೀರ್ಮಾನಿಸಿ. ಮುಂದೆ ಐಟಿಐ, ಡಿಪ್ಲೊಮಾ ಯೋಚನೆ ಇದ್ದರೆ ಅಲ್ಲಿಯ ಪ್ರವೇಶಕ್ಕೆ ಬೇಕಾದ ವಿಷಯ ಬಿಡದಂತೆ ನೋಡಿಕೊಳ್ಳಿ.

ಹೆಚ್ಚುವರಿ ಸಮಯದ ಲೆಕ್ಕ: ಕೇಂದ್ರ ಸರ್ಕಾರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಅನ್ನುತ್ತದೆ. ಅಂದರೆ ಮೂರು ಗಂಟೆಯ ಪತ್ರಿಕೆ ನಾಲ್ಕು ಗಂಟೆಯಾಗುತ್ತದೆ. ಕಲಬುರಗಿಯ ಬೇಸಿಗೆ ಬಿಸಿಲಲ್ಲಿ ಒಂದೇ ಬೆಂಚಿನ ಮೇಲೆ ನಾಲ್ಕು ಗಂಟೆ ಕೂಡುವುದು ವರವೂ ಆಗಬಹುದು, ಶಿಕ್ಷೆಯೂ ಆಗಬಹುದು. ಅದರ ಜತೆ ಬೇರೆ ಕೋಣೆ, ನಡುವೆ ಎದ್ದು ಓಡಾಡಲು ಬಿಡುವು, ನೀರು ಇವನ್ನೂ ಅರ್ಜಿಯಲ್ಲೇ ಕೇಳಿ. ಬರಹಗಾರ ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿ. ಅಪರಿಚಿತನ ಮುಂದೆ ಬಾಯಿ ಬಿಡದ ಮಗು ಮೊದಲ ಸಲ ಬೋರ್ಡ್ ಪರೀಕ್ಷೆಯಲ್ಲೇ ಬರಹಗಾರನನ್ನು ಕಂಡರೆ ಪತ್ರಿಕೆ ಖಾಲಿ ಹೋಗುತ್ತದೆ. ಒಂಬತ್ತನೇ ಅರ್ಧವಾರ್ಷಿಕದಿಂದಲೇ, ಬೇರೆ ಬೇರೆ ಹುಡುಗರನ್ನು ಕೂಡಿಸಿ, ‘ಪೂರ್ಣವಿರಾಮ’, ‘ಮುಂದಿನ ಪ್ರಶ್ನೆ’ ಎಂದು ಹೇಳಿ ಬರೆಸುವ ರೂಢಿ ಆಗಬೇಕು.

ಈಗ ಕಹಿ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ಮೇಲಿನವರ ಒತ್ತಡ ಹೆಡ್‌ಮಾಸ್ತರ ಮೇಲೆ ಬಿದ್ದು, ಅಲ್ಲಿಂದ ಇಂಥ ಮಕ್ಕಳ ಮೇಲೆ ಜಾರುತ್ತದೆ. ‘ಎನ್‌ಐಒಎಸ್ ಕಟ್ರಿ, ಹಗುರ ಆಗ್ತದ’ ಎಂಬ ಸಲಹೆ ಒಂಬತ್ತನೇ ಕ್ಲಾಸಿನ ಕೊನೆಗೆ ಬರುತ್ತದೆ. ಎನ್‌ಐಒಎಸ್, ಅಂದರೆ ಕೇಂದ್ರದ ಮುಕ್ತ ಶಾಲೆ, ಕೆಟ್ಟದ್ದಲ್ಲ, ವಿಷಯ ಆರಿಸಿಕೊಳ್ಳಬಹುದು, ಒಂದೊಂದಾಗಿ ಬರೆಯಬಹುದು, ಕೆಲವು ಮಕ್ಕಳಿಗೆ ಅದೇ ಸರಿ. ಆದರೆ ತೀರ್ಮಾನ ಮನೆಯವರದ್ದಾಗಿರಬೇಕು, ಶಾಲೆಯ ಶೇಕಡಾವಾರು ಲೆಕ್ಕದ್ದಲ್ಲ. ಬೇಡವಾದರೆ ಟಿಸಿ ಅರ್ಜಿಗೆ ಸಹಿ ಮಾಡಬೇಡಿ. ‘ಸ್ವಂತ ಇಚ್ಛೆಯಿಂದ’ ಎಂದು ನಿಮ್ಮ ಕೈಯಲ್ಲೇ ಬರೆಸಿಕೊಂಡ ಮೇಲೆ ಯಾವ ಅಧಿಕಾರಿಯೂ ಏನೂ ಮಾಡಲಾರ. ಗೃಹಾಧಾರಿತ ಶಿಕ್ಷಣದ ಫಾರ್ಮಿಗೂ ಇದೇ ಎಚ್ಚರ: ಅದು ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಇರುವ ವ್ಯವಸ್ಥೆ, ತೊಂದರೆ ಕೊಡುವ ಮಗುವನ್ನು ಮನೆಗೆ ಕಳಿಸುವ ದಾರಿಯಲ್ಲ.

ಶಾಲೆ ಉತ್ತರ ಕೊಡದಿದ್ದರೆ ಹದಿನೈದು ದಿನ ಬಿಟ್ಟು ನೆನಪೋಲೆ, ಆಮೇಲೆ ಬಿಇಒ, ಆಮೇಲೆ ಡಿಡಿಪಿಐ. ಪ್ರತಿ ಅರ್ಜಿಯಲ್ಲೂ ಹಿಂದಿನದರ ಇನ್‌ವರ್ಡ್ ನಂಬರ್, ತಾರೀಖು ಹಾಕಿ. ಸಿಟ್ಟಿನ ವಾಕ್ಯ ಒಂದೂ ಬೇಡ, ಅದನ್ನೇ ಹಿಡಿದು ಮಾತು ತಿರುಗಿಸುತ್ತಾರೆ. ಸರ್ಕಾರಿ ಸಂಸ್ಥೆಗಳಲ್ಲಿ ಕಾಯ್ದೆಯ 23ನೇ ಕಲಮಿನ ಪ್ರಕಾರ ಕುಂದುಕೊರತೆ ಅಧಿಕಾರಿ ಇರಬೇಕು, ಅವರು ಯಾರೆಂದು ಬರಹದಲ್ಲಿ ಕೇಳಿ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು. ತಾಲೂಕಿನಲ್ಲಿ ವಿಶೇಷ ಶಿಕ್ಷಕರು ಎಷ್ಟು ಮಂದಿ ಎಂದು 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನ ಗಡುವು. 2021ರ ರಜನೀಶ್ ಕುಮಾರ್ ಪಾಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಮಾಣ, ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರು, ಮೇಲಿನ ತರಗತಿಗಳಲ್ಲಿ 15ಕ್ಕೊಬ್ಬರು. ಬಂದ ಉತ್ತರವನ್ನು ಈ ಅಂಕಿಯ ಪಕ್ಕ ಇಟ್ಟು, ಎರಡನ್ನೂ ಮುಂದಿನ ಅರ್ಜಿಗೆ ಲಗತ್ತಿಸಿ.